ಕಟಕಟೆಯ ಸುಳ್ಳು, ಅದರ ಹಿಂದಿನ ಕೈ

(ಕಿರಿಯ ವಕೀಲರು ಹಾಗೂ ಕಾನೂನು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಸೆಷನ್ಸ್ ನ್ಯಾಯಾಲಯಗಳಲ್ಲಿ ನಾಲ್ಕು ದಿನ ಕುಳಿತವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: “ನಾನು ಆರೋಪಿತರೊಂದಿಗೆ ರಾಜಿಯಾಗಿ ಅವರಿಗೆ ಸಹಾಯ ಮಾಡುವ ಉದ್ದೇಶದಿಂದ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.” ಸಾಕ್ಷಿ ತಿರುಗಿಬಿದ್ದಿದ್ದಾನೆ, ಸರ್ಕಾರಿ ಅಭಿಯೋಜಕರು ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಿ ಪಾಟಿ ಸವಾಲಿಗೆ ಅನುಮತಿ ಪಡೆದಿದ್ದಾರೆ, “ಹೀಗೆ ನಡೆದದ್ದು ನಿಜ ತಾನೇ” ಎಂಬಂಥ ಐದಾರು ಸಲಹೆಗಳನ್ನು ಮುಂದಿಟ್ಟಿದ್ದಾರೆ, ಸಾಕ್ಷಿ ಎಲ್ಲವನ್ನೂ ಅಲ್ಲಗಳೆದಿದ್ದಾನೆ. ಕೊನೆಗೆ ಈ ವಾಕ್ಯ ಬೆರಳಚ್ಚಾಗುತ್ತದೆ, ಸಾಕ್ಷಿ ಸಹಿ ಹಾಕಿ ಕಟಕಟೆಯಿಂದ ಇಳಿಯುತ್ತಾನೆ, ಮುಂದಿನ ಸಾಕ್ಷಿಯ ಹೆಸರನ್ನು ಕೂಗುತ್ತಾರೆ. ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಒಂದು ಅಪರಾಧ ನ್ಯಾಯಾಧೀಶರ ಕಣ್ಣೆದುರೇ ನಡೆದಿರುವ ಸಾಧ್ಯತೆ ಇದೆ, ಆದರೆ ಅದನ್ನು ಅಪರಾಧವೆಂದು ಅಲ್ಲಿ ಯಾರೂ ಕಂಡಂತೆ ಇರುವುದಿಲ್ಲ. ಹೀಗೆ ಕಾಣದೆ ಹೋಗುವುದು ಏಕೆ, ಕಂಡ ಮೇಲೆ ಅದನ್ನು ತನಿಖೆ ಮಾಡಿ ಶಿಕ್ಷೆಯವರೆಗೆ ಒಯ್ಯುವ ದಾರಿ ಯಾವುದು ಎಂಬುದೇ ಇಂದು ನಾನು ಎತ್ತಿಕೊಂಡಿರುವ ವಿಷಯ.

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಬಹಳ ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ನ್ಯಾಯಾಲಯದಲ್ಲಿ ನಾನು ಅಭಿಯೋಜಕನಾಗಿ ಒಂದು ಕೊಲೆ ಪ್ರಕರಣವನ್ನು ನಡೆಸುತ್ತಿದ್ದೆ. ಪ್ರತ್ಯಕ್ಷ ಸಾಕ್ಷಿ ಒಬ್ಬನೇ, ಹೊಲದಲ್ಲಿ ಕೆಲಸ ಮಾಡುವ ಮನುಷ್ಯ. ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದಲ್ಲದೆ, ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಮುಂದೆ ಪ್ರಮಾಣ ಮಾಡಿಯೂ ತಾನು ಕಂಡದ್ದನ್ನು ಹೇಳಿದ್ದ. ಎರಡು ವರ್ಷಗಳ ಬಳಿಕ ಕಟಕಟೆ ಹತ್ತಿದಾಗ ಅವನು ನನ್ನನ್ನೂ ನೋಡಲಿಲ್ಲ, ನ್ಯಾಯಾಧೀಶರನ್ನೂ ನೋಡಲಿಲ್ಲ. ಸಭಾಂಗಣದ ಹಿಂಬಾಗಿಲ ಬಳಿ ನಿಂತಿದ್ದ ಒಬ್ಬರ ಕಡೆಗೆ ಅವನ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು. “ನಾನು ಏನನ್ನೂ ನೋಡಿಲ್ಲ, ಅವತ್ತು ಸಂತೆಗೆ ಹೋಗಿದ್ದೆ” ಎಂದ. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ರತಿಕೂಲ ಸಾಕ್ಷಿ ಎಂದೆ, ಹೇಳಿಕೆಯ ಭಾಗಗಳನ್ನು ಓದಿಸಿ ಗುರುತು ಮಾಡಿಸಿದೆ, ಆ ಕೊನೆಯ ವಾಕ್ಯವನ್ನೂ ಬರೆಸಿದೆ. ಆರೋಪಿಗಳ ಖುಲಾಸೆಯಾಯಿತು.

ತೀರ್ಪಿನ ನಂತರ ಕಡತವನ್ನು ಮರಳಿ ತೆರೆದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೊಲೆ ನಡೆದದ್ದು ಗುರುವಾರ. ಅವನು ಹೋಗುವ ಸಂತೆ ಕೂಡುವುದು ಸೋಮವಾರ. “ಯಾವ ಊರಿನ ಸಂತೆ, ಏನು ಕೊಂಡೆ, ಯಾರ ಜೊತೆ ಹೋಗಿದ್ದೆ” ಎಂದು ಮೂರು ಪ್ರಶ್ನೆ ಕೇಳಿದ್ದರೆ, ಅವನ ಮಾತು ಸುಳ್ಳು ಎಂಬುದು ನನ್ನ ಸಂಶಯವಾಗಿ ಉಳಿಯದೆ ಗ್ರಾಮ ಪಂಚಾಯಿತಿಯ ಒಂದು ಪತ್ರದಿಂದ ಸಾಬೀತಾಗುವ ವಾಸ್ತವವಾಗಿರುತ್ತಿತ್ತು. ಕೆಲವು ತಿಂಗಳ ನಂತರ ಅದೇ ಮನುಷ್ಯ ಬಸ್ ನಿಲ್ದಾಣದಲ್ಲಿ ನನ್ನೆದುರು ಬಂದು ನಿಂತ. ನಾನು ಏನೂ ಕೇಳಲಿಲ್ಲ, ಅವನೇ ಹೇಳಿದ: “ಸಾಹೇಬ್ರ, ಹೊಲ ಅವರದು. ನಾ ಪಾಲಿಗೆ ಮಾಡಾಂವ. ಆ ಹೊಲ ಬಿಟ್ರ ನಾ ಎಲ್ಲಿಗೆ ಹೋಗ್ಲಿ?” ಹಿಂಬಾಗಿಲ ಬಳಿ ನಿಂತಿದ್ದವರು ಯಾರೆಂದು ನನಗೆ ಆಗ ತಿಳಿಯಿತು. ಕಾನೂನಿನ ದೃಷ್ಟಿಯಲ್ಲಿ ಅಂದು ಎರಡು ಅಪರಾಧಗಳು ನಡೆದಿದ್ದವು, ಒಂದು ಅವನದು, ಇನ್ನೊಂದು ಹೊಲದ ಒಡೆಯರದು. ನಾನು ಎರಡನ್ನೂ ಕೈಬಿಟ್ಟಿದ್ದೆ. ಮೊದಲನೆಯದನ್ನು ಮಾತ್ರ ಹಿಡಿದು ಎರಡನೆಯದನ್ನು ಬಿಟ್ಟಿದ್ದರೆ ಅದು ಇನ್ನೂ ದೊಡ್ಡ ಅನ್ಯಾಯವಾಗುತ್ತಿತ್ತು ಎಂಬುದು ಇಂದಿಗೂ ನನ್ನ ನಂಬಿಕೆ.

ಈಗ ಕಾನೂನಿಗೆ ಬರುತ್ತೇನೆ. 1860ರ ಭಾರತೀಯ ದಂಡ ಸಂಹಿತೆಯ 191ನೇ ಕಲಂ ಸುಳ್ಳು ಸಾಕ್ಷ್ಯ ನುಡಿಯುವುದನ್ನೂ, 192ನೇ ಕಲಂ ಸುಳ್ಳು ಸಾಕ್ಷ್ಯ ಸೃಷ್ಟಿಸುವುದನ್ನೂ ವಿವರಿಸಿದ್ದವು, 193ನೇ ಕಲಂ ಶಿಕ್ಷೆಯನ್ನು ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ 227, 228 ಮತ್ತು 229ನೇ ಕಲಂಗಳಾಗಿವೆ. ನ್ಯಾಯಾಂಗ ನಡವಳಿಯಲ್ಲಿ ಸುಳ್ಳು ಸಾಕ್ಷ್ಯ ನುಡಿದರೆ ಏಳು ವರ್ಷಗಳವರೆಗೆ ಸೆರೆವಾಸ ಹಾಗೂ 10,000 ರೂಪಾಯಿಗಳವರೆಗೆ ದಂಡ, ಬೇರೆಡೆ ನುಡಿದರೆ ಮೂರು ವರ್ಷ ಹಾಗೂ 5,000 ರೂಪಾಯಿ. ಮರಣದಂಡನೆ ವಿಧಿಸಬಹುದಾದ ಅಪರಾಧದಲ್ಲಿ ಇನ್ನೊಬ್ಬರನ್ನು ಸಿಲುಕಿಸಲೆಂದೇ ಸುಳ್ಳು ನುಡಿದರೆ ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಆ ಸುಳ್ಳಿನಿಂದ ನಿರಪರಾಧಿಯೊಬ್ಬ ಗಲ್ಲಿಗೇರಿದರೆ ಸುಳ್ಳು ನುಡಿದವರಿಗೂ ಮರಣದಂಡನೆ ವಿಧಿಸಲು ಅವಕಾಶವಿದೆ. ಹಾಗಾಗಿ ನಮ್ಮ ಕಾನೂನು ಸುಳ್ಳು ಸಾಕ್ಷಿಯ ಬಗ್ಗೆ ಮೃದುವಾಗಿದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಅಪರಾಧದ ಅಂಶಗಳನ್ನು ಮಾತ್ರ ಎಚ್ಚರದಿಂದ ಗಮನಿಸಬೇಕು. ಹೇಳಿದ ಮಾತು ಸುಳ್ಳಾಗಿದ್ದರೆ ಸಾಲದು. ಸತ್ಯ ಹೇಳಲು ಪ್ರಮಾಣದಿಂದಲೋ ಕಾನೂನಿನ ಸ್ಪಷ್ಟ ವಿಧಿಯಿಂದಲೋ ಬದ್ಧನಾಗಿದ್ದ ವ್ಯಕ್ತಿ, ಅದು ಸುಳ್ಳೆಂದು ತಿಳಿದೋ ನಂಬಿಯೋ, ಅಥವಾ ನಿಜವೆಂದು ನಂಬದೆಯೋ ಆ ಮಾತನ್ನು ಹೇಳಿರಬೇಕು. ಮರೆವು, ಗಾಬರಿ, ಕತ್ತಲಲ್ಲಿ ತಪ್ಪಾಗಿ ಗುರುತಿಸಿದ್ದು, ಐದು ವರ್ಷಗಳ ಅಂತರದಲ್ಲಿ ಹೊತ್ತು ಗೊತ್ತು ಕಲಸಿಹೋದದ್ದು ಇವು ಯಾವುವೂ ಈ ಅಪರಾಧವಲ್ಲ. ಪಾಟಿ ಸವಾಲಿನಲ್ಲಿ ತೊದಲಿದ ಪ್ರತಿಯೊಬ್ಬ ಸಾಕ್ಷಿಯನ್ನೂ ಸುಳ್ಳುಗಾರನೆಂದು ಕರೆಯುವ ಚಟ ನಮ್ಮ ವೃತ್ತಿಯಲ್ಲಿದೆ, ಅದನ್ನು ಬಿಡದ ಹೊರತು ನಿಜವಾದ ಸುಳ್ಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಈ ಅಪರಾಧದ ಹೆಬ್ಬಾಗಿಲು. ನ್ಯಾಯಾಲಯದ ನಡವಳಿಯಲ್ಲಿ ನುಡಿದ ಸುಳ್ಳಿಗೆ ಎದುರು ಪಕ್ಷದವರು ನೇರವಾಗಿ ದೂರು ಹಾಕಲಾಗದು, ಪೊಲೀಸರು ನೇರವಾಗಿ ಪ್ರಕರಣ ನಡೆಸಲಾಗದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 195ನೇ ಕಲಂ, ಅದರ ಬದಲು ಈಗ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 215ನೇ ಕಲಂ ಹೇಳುವಂತೆ, ಆ ನ್ಯಾಯಾಲಯವೇ, ಅದು ಲಿಖಿತವಾಗಿ ಅಧಿಕಾರ ಕೊಟ್ಟ ಅದರ ಅಧಿಕಾರಿಯೇ, ಅಥವಾ ಮೇಲಿನ ನ್ಯಾಯಾಲಯವೇ ಲಿಖಿತ ದೂರು ಕೊಟ್ಟರೆ ಮಾತ್ರ ದಂಡಾಧಿಕಾರಿ ಅದನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು. ಈ ಬಾಗಿಲನ್ನು ಅನೇಕರು ದೂಷಿಸುತ್ತಾರೆ. ನನಗೆ ಅದು ಬೇಕೆಂದೇ ಅನ್ನಿಸುತ್ತದೆ. ಜಮೀನಿನ ದಾವೆಯಲ್ಲಿ ಸೋತ ಪ್ರತಿಯೊಬ್ಬನೂ ಗೆದ್ದವನ ಸಾಕ್ಷಿಗಳ ಮೇಲೆ ಮರುದಿನವೇ ಕ್ರಿಮಿನಲ್ ಮೊಕದ್ದಮೆ ಹೂಡಬಹುದಾಗಿದ್ದರೆ, ಯಾವ ಊರಿನಲ್ಲಿ ಯಾರು ಸಾಕ್ಷಿ ಹೇಳಲು ಮುಂದೆ ಬರುತ್ತಿದ್ದರು? 1971ರಲ್ಲಿ ಛಜೂ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎಚ್ಚರಿಸಿತು: ಸುಳ್ಳು ಉದ್ದೇಶಪೂರ್ವಕವಾಗಿದ್ದು, ಶಿಕ್ಷೆಯಾಗುವ ಸಂಭವ ಸಮಂಜಸವಾಗಿ ಕಾಣುವ ಕಡೆ ಮಾತ್ರ ಇಂಥ ಅಭಿಯೋಜನೆಗೆ ಕೈಹಾಕಬೇಕು.

ಬಾಗಿಲು ತೆರೆಯುವ ಬಗೆಯನ್ನು ಹಳೆಯ 340ನೇ, ಈಗಿನ 379ನೇ ಕಲಂ ಹೇಳುತ್ತದೆ. ಅರ್ಜಿಯ ಮೇಲಾಗಲಿ ತಾನಾಗಿಯೇ ಆಗಲಿ, ನ್ಯಾಯದ ಹಿತದೃಷ್ಟಿಯಿಂದ ವಿಚಾರಿಸುವುದು ಉಚಿತ ಎಂದು ನ್ಯಾಯಾಲಯಕ್ಕೆ ಅನ್ನಿಸಿದರೆ, ಅಗತ್ಯವಿದ್ದಲ್ಲಿ ಪ್ರಾಥಮಿಕ ವಿಚಾರಣೆ ನಡೆಸಿ, ತನ್ನ ನಿರ್ಣಯವನ್ನು ದಾಖಲಿಸಿ, ಲಿಖಿತ ದೂರನ್ನು ಅಧಿಕಾರ ವ್ಯಾಪ್ತಿಯುಳ್ಳ ಪ್ರಥಮ ದರ್ಜೆ ದಂಡಾಧಿಕಾರಿಗೆ ಕಳುಹಿಸಬಹುದು. ದಂಡಾಧಿಕಾರಿ ಅದನ್ನು ಪೊಲೀಸ್ ವರದಿಯ ಮೇಲೆ ಬಂದ ಪ್ರಕರಣದಂತೆಯೇ ನಡೆಸುತ್ತಾರೆ. ಇಲ್ಲಿ “ಉಚಿತ” ಎಂಬ ಪದವೇ ತಿರುಳು. 2005ರ ಇಕ್ಬಾಲ್ ಸಿಂಗ್ ಮರ್ವಾ ತೀರ್ಪು ಹೇಳಿದ್ದೇನೆಂದರೆ, ಸುಳ್ಳಿನಿಂದ ಒಬ್ಬ ವ್ಯಕ್ತಿಗೆ ಎಷ್ಟು ಹಾನಿಯಾಯಿತು ಎನ್ನುವುದಕ್ಕಿಂತ ನ್ಯಾಯದಾನದ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ನೋಡಬೇಕು. ಇದೇ ತೀರ್ಪು ಇನ್ನೊಂದು ಗೊಂದಲವನ್ನೂ ಬಿಡಿಸಿತು. ದಸ್ತಾವೇಜೊಂದನ್ನು ಹೊರಗೆಲ್ಲೋ ಖೋಟಾ ಮಾಡಿ ನಂತರ ನ್ಯಾಯಾಲಯಕ್ಕೆ ತಂದಿದ್ದರೆ ಈ ಬಾಗಿಲು ಅಡ್ಡಬರುವುದಿಲ್ಲ. ನ್ಯಾಯಾಲಯದ ವಶದಲ್ಲಿದ್ದಾಗ ತಿದ್ದಿದ್ದರೆ ಮಾತ್ರ ನ್ಯಾಯಾಲಯದ ದೂರು ಬೇಕು. ಖೋಟಾ ಮರಣಶಾಸನ, ಖೋಟಾ ಕ್ರಯಪತ್ರದ ಪ್ರಕರಣಗಳಲ್ಲಿ ಪೊಲೀಸ್ ಠಾಣೆಯ ಬಾಗಿಲು ಮುಚ್ಚಿಲ್ಲ ಎಂಬುದನ್ನು ನಿಮ್ಮ ಕಕ್ಷಿದಾರರಿಗೆ ತಿಳಿಸಿ ಹೇಳಿ. ಇನ್ನು, ದೂರು ಕಳುಹಿಸುವ ಮುನ್ನ ಸುಳ್ಳು ನುಡಿದವರೆನ್ನಲಾದವರ ಮಾತನ್ನು ಕೇಳಲೇಬೇಕೆ ಎಂಬ ಜಿಜ್ಞಾಸೆಯನ್ನು 2022ರ ಸೆಪ್ಟೆಂಬರ್‌ನಲ್ಲಿ ಜಸ್ಬೀರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿದೆ: ಪ್ರಾಥಮಿಕ ವಿಚಾರಣೆ ಕಡ್ಡಾಯವಲ್ಲ, ಆ ಹಂತದಲ್ಲಿ ಕೇಳಿಸಿಕೊಳ್ಳುವ ಹಕ್ಕೂ ಇಲ್ಲ.

ಹೀಗೆ ದಾರಿ ಸ್ಪಷ್ಟವಾಗಿದ್ದರೂ ಆ ದಾರಿಯಲ್ಲಿ ನಡೆಯುವವರು ವಿರಳ. 2000ದಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೋವಿನಿಂದಲೇ ಇದನ್ನು ದಾಖಲಿಸಿದೆ. ಸುಳ್ಳು ಸಾಕ್ಷ್ಯ ನ್ಯಾಯಾಲಯಗಳಲ್ಲಿ ಒಂದು ಜೀವನಕ್ರಮವೇ ಆಗಿಬಿಟ್ಟಿದೆ, ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಿದ್ದರೂ ವಿಚಾರಣಾ ನ್ಯಾಯಾಧೀಶರು ದೂರು ಕೊಡಲು ಮುಂದಾಗುವುದಿಲ್ಲ, ದೂರಿಗೆ ತಾವೇ ಸಹಿ ಹಾಕಬೇಕೆಂಬುದೂ ಅವರನ್ನು ಹಿಂಜರಿಸುತ್ತದೆ ಎಂದು ಅದು ಹೇಳಿತು. ಅದೇ ತೀರ್ಪು ಸಾಕ್ಷಿಗಳ ಪಾಡನ್ನೂ ಬಿಡಿಸಿ ಹೇಳಿದೆ: ದೂರದ ಊರಿನಿಂದ ಕೈಯಿಂದ ದುಡ್ಡು ಹಾಕಿಕೊಂಡು ಬಂದವರನ್ನು ವಾಯಿದೆಯ ಮೇಲೆ ವಾಯಿದೆ ಹಾಕಿ ಅಲೆಸುವುದು, ಕೂರಲು ಜಾಗವಿಲ್ಲದ ಅಂಗಳದಲ್ಲಿ ದಿನವಿಡೀ ಕಾಯಿಸುವುದು, ಕೊಡಬೇಕಾದ ಭತ್ಯೆಯನ್ನೂ ಕೊಡದಿರುವುದು. ಆ ತೀರ್ಪು ಎತ್ತಿದ ಸಹಿಯ ತೊಡಕು ಈಗ ಇಲ್ಲ. 2006ರಲ್ಲಿ ಜಾರಿಯಾದ ತಿದ್ದುಪಡಿಯ ಪ್ರಕಾರ ನ್ಯಾಯಾಲಯ ಲಿಖಿತವಾಗಿ ಅಧಿಕಾರ ಕೊಟ್ಟ ತನ್ನ ಅಧಿಕಾರಿಯೂ ದೂರಿಗೆ ಸಹಿ ಹಾಕಬಹುದು. ಆದರೂ ಹಿಂಜರಿಕೆ ಹೋಗಿಲ್ಲವೆಂದರೆ ಅದರ ಬೇರು ಸಹಿಗಿಂತ ಆಳದಲ್ಲಿದೆ. ಒಂದು ಕೊಲೆ ಪ್ರಕರಣ ಮುಗಿಯುವಷ್ಟರಲ್ಲಿ ಇನ್ನೊಂದು ಮೊಕದ್ದಮೆಯ ಬೀಜ ಬಿತ್ತುವುದು ಯಾರಿಗೂ ಬೇಡ. ಅಭಿಯೋಜಕರಂತೂ ತೀರ್ಪು ಬಂದ ದಿನವೇ ಕಡತ ಕಟ್ಟುತ್ತಾರೆ.

ಸಂಕ್ಷಿಪ್ತ ದಾರಿಯೊಂದು ಇದೆ. ಹಳೆಯ 344ನೇ, ಈಗಿನ 383ನೇ ಕಲಂ ಪ್ರಕಾರ, ಸಾಕ್ಷಿ ತಿಳಿದೂ ತಿಳಿದೂ ಸುಳ್ಳು ನುಡಿದನೆಂಬ ಅಭಿಪ್ರಾಯವನ್ನು ತೀರ್ಪು ನೀಡುವ ಹೊತ್ತಿನಲ್ಲಿಯೇ ದಾಖಲಿಸಿ, ಸೆಷನ್ಸ್ ನ್ಯಾಯಾಲಯವೋ ಪ್ರಥಮ ದರ್ಜೆ ದಂಡಾಧಿಕಾರಿಯೋ ಅವನಿಗೆ ಕಾರಣ ತೋರಿಸಲು ಅವಕಾಶ ಕೊಟ್ಟು, ತಾವೇ ಮೂರು ತಿಂಗಳವರೆಗಿನ ಸೆರೆವಾಸ ವಿಧಿಸಬಹುದು. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠ ಅವರ ಸಮಿತಿ 2003ರ ತನ್ನ ವರದಿಯಲ್ಲಿ, ಸುಳ್ಳು ಕಂಡ ನ್ಯಾಯಾಲಯ ಈ ಸಂಕ್ಷಿಪ್ತ ವಿಚಾರಣೆಯನ್ನು ನಡೆಸಲೇಬೇಕೆಂಬಂತೆ ಕಾನೂನನ್ನು ಬದಲಿಸಲು ಸಲಹೆ ಮಾಡಿತ್ತು. ಸಮಿತಿಯ ಕಳಕಳಿಯನ್ನು ನಾನು ಗೌರವಿಸುತ್ತೇನೆ, ಆದರೆ ಈ ಒಂದು ಸಲಹೆಯ ಬಗ್ಗೆ ನನಗೆ ಅಂಜಿಕೆಯಿದೆ. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ, ಅತ್ಯಾಚಾರದ ದೂರು ಕೊಟ್ಟಿದ್ದ ಮಹಿಳೆ ವಿಚಾರಣೆಯಲ್ಲಿ ಹಾಗೇನೂ ಆಗಿಲ್ಲವೆಂದಾಗ ಆಕೆಗೆ ಈ ಕಲಮಿನ ಅಡಿ ಮೂರು ತಿಂಗಳ ಶಿಕ್ಷೆಯಾಗಿತ್ತು, ಅದು ಕಾಯಂ ಆಯಿತು. ಸುಳ್ಳು ದೂರು ಕೊಡುವವರು ಇದ್ದಾರೆ, ನಿಜವಾದ ದೂರಿನಿಂದ ಹಿಂದೆ ಸರಿಯುವಂತೆ ಒತ್ತಡಕ್ಕೆ ಒಳಗಾಗುವವರೂ ಇದ್ದಾರೆ. ತೀರ್ಪಿನ ಮೇಜಿನ ಮೇಲೆಯೇ ಮುಗಿಯುವ ಸಂಕ್ಷಿಪ್ತ ವಿಚಾರಣೆಗೆ ಈ ಇಬ್ಬರನ್ನು ಬೇರ್ಪಡಿಸುವಷ್ಟು ವ್ಯವಧಾನ ಇರುವುದಿಲ್ಲ.

ವಡೋದರದ ಬೆಸ್ಟ್ ಬೇಕರಿ ಪ್ರಕರಣ ಈ ಪ್ರಶ್ನೆಯನ್ನು ದೇಶದ ಮುಂದೆ ತಂದು ನಿಲ್ಲಿಸಿತು. 2002ರ ಮಾರ್ಚ್ 1ರಂದು ಅಲ್ಲಿ 14 ಮಂದಿಯ ಹತ್ಯೆಯಾಯಿತು. 2003ರ ಜೂನ್‌ನಲ್ಲಿ ತ್ವರಿತ ನ್ಯಾಯಾಲಯ ಎಲ್ಲ 21 ಆರೋಪಿಗಳನ್ನೂ ಬಿಡುಗಡೆ ಮಾಡಿತು, ಏಕೆಂದರೆ ಮುಖ್ಯ ಸಾಕ್ಷಿಯೂ ಸೇರಿ ಅನೇಕರು ತಿರುಗಿಬಿದ್ದಿದ್ದರು. ಅದೇ ಮುಖ್ಯ ಸಾಕ್ಷಿ ತಾನು ಹೆದರಿ ಸುಳ್ಳು ಹೇಳಿದೆ ಎಂದಾಗ, 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. ಮರುವಿಚಾರಣೆಯಲ್ಲಿ ಆಕೆ ಮತ್ತೆ ಮಾತು ಬದಲಿಸಿದರು. 2006ರ ಫೆಬ್ರವರಿಯಲ್ಲಿ ಮುಂಬೈ ನ್ಯಾಯಾಲಯ ಬೇರೆ ಸಾಕ್ಷ್ಯಗಳ ಆಧಾರದಲ್ಲಿ ಒಂಬತ್ತು ಮಂದಿಗೆ ಶಿಕ್ಷೆ ವಿಧಿಸಿತು, ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಂಗ ನಿಂದನೆಗಾಗಿ ಆ ಸಾಕ್ಷಿಗೆ ಒಂದು ವರ್ಷದ ಸಾದಾ ಸೆರೆವಾಸ ಮತ್ತು 50,000 ರೂಪಾಯಿ ದಂಡ ವಿಧಿಸಿತು. ಸಾಮಾನ್ಯವಾಗಿ ಎಲ್ಲರೂ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಆದರೆ ನನ್ನ ದೃಷ್ಟಿಯಲ್ಲಿ ಆ ಆದೇಶದ ಮುಖ್ಯ ಭಾಗ ಇನ್ನೊಂದು. ಸಾಕ್ಷಿಗೆ ಆಮಿಷ ಒಡ್ಡಲಾಗಿತ್ತೇ ಎಂದು ತಿಳಿಯಲು ನ್ಯಾಯಾಲಯ ತನ್ನ ಹಿರಿಯ ಅಧಿಕಾರಿಯಿಂದ ಮೊದಲೇ ವಿಚಾರಣೆ ಮಾಡಿಸಿತ್ತು. ಸಾಕ್ಷಿಯ ಹಾಗೂ ಆಕೆಯ ಮೇಲೆ ಪ್ರಭಾವ ಬೀರಿದರೆಂಬ ಆರೋಪ ಹೊತ್ತವರ ಹಣದ ಮೂಲವನ್ನು ಪರಿಶೀಲಿಸುವಂತೆ ಆದಾಯ ತೆರಿಗೆ ಇಲಾಖೆಗೂ ಸೂಚಿಸಿತು. ಸುಳ್ಳನ್ನು ತನಿಖೆ ಮಾಡುವುದೆಂದರೆ ಹೀಗೆ, ನಾಲಿಗೆಯಿಂದ ಹೊರಟು ಕೈಚೀಲದವರೆಗೆ ಹೋಗಬೇಕು.

ದೆಹಲಿಯ ಜೆಸ್ಸಿಕಾ ಲಾಲ್ ಪ್ರಕರಣ ಮತ್ತೊಂದು ಪಾಠ. 1999ರ ಕೊಲೆ, 2006ರ ಫೆಬ್ರವರಿಯಲ್ಲಿ ಖುಲಾಸೆ, ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟಿನಿಂದ ಶಿಕ್ಷೆ. ಯಾರ ಹೇಳಿಕೆಯ ಮೇಲೆ ಪ್ರಥಮ ವರ್ತಮಾನ ವರದಿ (ಎಫ್‌ಐಆರ್) ನಿಂತಿತ್ತೋ ಆ ಸಾಕ್ಷಿ, ತನಗೆ ಹಿಂದಿ ಬಾರದು, ಅದರಲ್ಲಿ ಏನು ಬರೆದಿದ್ದರೋ ತಿಳಿಯದು ಎಂದಿದ್ದರು. ಗುಂಡುಗಳು ಎರಡು ಬೇರೆ ಬೇರೆ ಪಿಸ್ತೂಲುಗಳಿಂದ ಹಾರಿದವೆಂಬ ವಾದಕ್ಕೆ ಶಸ್ತ್ರ ತಜ್ಞರೊಬ್ಬರು ಬೆಂಬಲವಾಗಿ ನಿಂತಿದ್ದರು. ತಿರುಗಿಬಿದ್ದ ಅನೇಕರ ವಿರುದ್ಧ ಹೈಕೋರ್ಟ್ ತಾನಾಗಿಯೇ ಕ್ರಮ ಎತ್ತಿಕೊಂಡರೂ, ಕೊನೆಗೆ 2013ರ ಮೇ ತಿಂಗಳಲ್ಲಿ ಈ ಇಬ್ಬರ ವಿರುದ್ಧ ಮಾತ್ರ ಅಭಿಯೋಜನೆಗೆ ಆದೇಶಿಸಿತು. ಕೊಲೆಯಿಂದ ಆ ಆದೇಶದವರೆಗೆ 14 ವರ್ಷ. ತಜ್ಞರೂ ಈ ಕಾನೂನಿನ ಹೊರಗಿಲ್ಲ, ಅಭಿಪ್ರಾಯವೂ ಪ್ರಾಮಾಣಿಕವಾಗಿರಬೇಕು ಎಂಬುದು ಇದರಿಂದ ಗಟ್ಟಿಯಾಯಿತು.

ಸಾಬೀತು ಮಾಡುವ ಕಷ್ಟ ಎಲ್ಲಿದೆ ಎಂಬುದನ್ನು ಈಗ ಸ್ವಲ್ಪ ನಿಧಾನವಾಗಿ ನೋಡೋಣ. ಪೊಲೀಸರ ಮುಂದಿನ ಹೇಳಿಕೆ ಪ್ರಮಾಣದ ಮೇಲೆ ಪಡೆದದ್ದಲ್ಲ, ಅದರ ಮೇಲೆ ಸಾಕ್ಷಿಯ ಸಹಿ ಇರುವುದಿಲ್ಲ, ಇರಲೂ ಕೂಡದು. ವಿಚಾರಣೆಯಲ್ಲಿ ಸಾಕ್ಷಿಯ ಮಾತಿನ ವಿರೋಧವನ್ನು ತೋರಿಸಲು ಮಾತ್ರ ಅದನ್ನು ಬಳಸಬಹುದು. “ನಾನು ಹಾಗೆ ಹೇಳಿಯೇ ಇಲ್ಲ, ಅವರೇ ಬರೆದುಕೊಂಡಿದ್ದಾರೆ” ಎಂದರೆ ಅಲ್ಲಿಗೆ ಮಾತು ಮುಗಿಯಿತು, ಮತ್ತು ಕೆಲವು ಸಲ ಅದು ನಿಜವೂ ಆಗಿರುತ್ತದೆ. ದಂಡಾಧಿಕಾರಿಯ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯ ತೂಕವೇ ಬೇರೆ. ದಂಡ ಪ್ರಕ್ರಿಯಾ ಸಂಹಿತೆಯ 221ನೇ ಕಲಮಿನಲ್ಲಿ ಇದ್ದ, ಈಗಲೂ ಹೊಸ ಸಂಹಿತೆಯ 244ನೇ ಕಲಮಿನಲ್ಲಿ ಉಳಿದಿರುವ ಒಂದು ದೃಷ್ಟಾಂತವನ್ನು ನೆನಪಿಡಿ: ಒಬ್ಬನು ಇನ್ನೊಬ್ಬನಿಗೆ ದೊಣ್ಣೆಯಿಂದ ಹೊಡೆದದ್ದನ್ನು ಕಂಡೆನೆಂದು ದಂಡಾಧಿಕಾರಿಯ ಮುಂದೆ ಪ್ರಮಾಣ ಮಾಡಿ ಹೇಳಿದವನು, ಸೆಷನ್ಸ್ ನ್ಯಾಯಾಲಯದಲ್ಲಿ ಹೊಡೆಯಲೇ ಇಲ್ಲವೆಂದು ಪ್ರಮಾಣ ಮಾಡಿ ಹೇಳಿದರೆ, ಎರಡರಲ್ಲಿ ಯಾವುದು ಸುಳ್ಳೆಂದು ಸಾಬೀತಾಗದಿದ್ದರೂ ಪರ್ಯಾಯ ಆರೋಪ ಹೊರಿಸಿ ಶಿಕ್ಷಿಸಬಹುದು. ಈಗ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ, ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ದಂಡಾಧಿಕಾರಿ ದಾಖಲಿಸಲೇಬೇಕೆಂದು 183ನೇ ಕಲಂ ಹೇಳುವುದರಿಂದ, ಇಂಥ ಜೋಡಿ ಹೇಳಿಕೆಗಳು ಇನ್ನು ಮುಂದೆ ಹೆಚ್ಚು ಕಡತಗಳಲ್ಲಿ ಸಿಗುತ್ತವೆ. ಆದರೆ ಎರಡು ಹೇಳಿಕೆಗಳು ಹೊಂದುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ದೂರು ಕಳುಹಿಸುವುದನ್ನು ಮೇಲಿನ ನ್ಯಾಯಾಲಯಗಳು ಮೆಚ್ಚಿಲ್ಲ. ಆದ್ದರಿಂದಲೇ ಸ್ವತಂತ್ರವಾದ ಪುರಾವೆಯೊಂದು ಬೇಕಾಗುತ್ತದೆ, ನನ್ನ ಪ್ರಕರಣದಲ್ಲಿ ಸೋಮವಾರದ ಸಂತೆ ಇದ್ದ ಹಾಗೆ.

ಮಹಜರಿನ ಪಂಚರ, ಅಂದರೆ ಜಪ್ತಿಯ ದಾಖಲೆಗೆ ಸಾಕ್ಷಿಗಳಾಗಿ ಸಹಿ ಹಾಕುವವರ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. “ಸಹಿ ನನ್ನದು, ಆದರೆ ಠಾಣೆಯಲ್ಲಿ ಹಾಕಿದ್ದು, ನನ್ನ ಸಮಕ್ಷಮ ಏನನ್ನೂ ಜಪ್ತಿ ಮಾಡಿಲ್ಲ” ಎಂಬ ಮಾತನ್ನು ಕೇಳದ ಅಭಿಯೋಜಕರಿಲ್ಲ. ಹೀಗೆಂದವನು ಸುಳ್ಳು ಹೇಳುತ್ತಿರಬಹುದು, ಅಥವಾ ಮಹಜರೇ ಸುಳ್ಳಾಗಿರಬಹುದು. ಎರಡನೆಯದಾದರೆ ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಅಪರಾಧಿ ಸಮವಸ್ತ್ರದಲ್ಲಿರುತ್ತಾನೆ. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ದೃಶ್ಯ ಮತ್ತು ಧ್ವನಿ ಸಮೇತ ಚಿತ್ರೀಕರಿಸಿ ತಡಮಾಡದೆ ದಂಡಾಧಿಕಾರಿಗೆ ಕಳುಹಿಸಬೇಕೆನ್ನುತ್ತದೆ. ಪ್ರಾಮಾಣಿಕವಾಗಿ ಜಾರಿಯಾದರೆ ಈ ಒಂದು ವಿಧಿ ಪಂಚರನ್ನೂ ಪೊಲೀಸರನ್ನೂ ಸತ್ಯಕ್ಕೆ ಕಟ್ಟಿಹಾಕುತ್ತದೆ.

ಪೊಲೀಸರ ಕಡೆಯ ಸುಳ್ಳು ಎಂಥ ಅನಾಹುತಕ್ಕೆ ದಾರಿ ಮಾಡುತ್ತದೆ ಎಂಬುದನ್ನು ನಾವು ದೂರ ಹೋಗಿ ನೋಡಬೇಕಿಲ್ಲ. ಹೆಂಡತಿಯನ್ನು ಕೊಂದ ಆರೋಪ ಹೊತ್ತು ಕೊಡಗಿನ ಒಬ್ಬ ಬಡವ ಜೈಲು ಸೇರಿದ್ದ, ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದು ದೋಷಾರೋಪ ಪಟ್ಟಿ ಹೇಳಿತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ಇಂಥ ಕಡೆ “ನ್ಯಾಯಾಲಯದ ದೂರಿಲ್ಲದೆ ಏನೂ ಮಾಡಲಾಗದು” ಎಂದು ಕೈಕಟ್ಟಿ ಕೂರಬೇಕಾಗಿಲ್ಲ. ತನಿಖೆಯ ಹಂತದಲ್ಲಿ, ಅಂದರೆ ಪುರಾವೆ ನ್ಯಾಯಾಲಯಕ್ಕೆ ಬರುವ ಮೊದಲೇ ನಡೆದ ಸುಳ್ಳು ಸೃಷ್ಟಿಯ ಬಗ್ಗೆ ತನಿಖಾ ಸಂಸ್ಥೆ ಆ ಮುನ್ನವೇ ಪ್ರಕರಣ ದಾಖಲಿಸಿದ್ದರೆ ಈ ನಿರ್ಬಂಧ ಅಡ್ಡಬರುವುದಿಲ್ಲವೆಂದು 2021ರ ಮಾರ್ಚ್‌ನಲ್ಲಿ ಭೀಮ ರಾಜು ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಕ್ಷ್ಯ ನಾಶ, ದಸ್ತಾವೇಜು ಅಥವಾ ವಿದ್ಯುನ್ಮಾನ ದಾಖಲೆಯ ನಾಶ ಇವಕ್ಕೆ ಭಾರತೀಯ ನ್ಯಾಯ ಸಂಹಿತೆಯ 238 ಮತ್ತು 241ನೇ ಕಲಂಗಳಿವೆ.

ಈಗ ಹಿಂಬಾಗಿಲ ಬಳಿ ನಿಂತವರ ವಿಷಯ. ಸುಳ್ಳು ಸಾಕ್ಷ್ಯ ನುಡಿಯುವಂತೆ ಯಾರನ್ನಾದರೂ ಬೆದರಿಸುವುದು 2006ರಿಂದ ಪ್ರತ್ಯೇಕ ಅಪರಾಧ. ಹಳೆಯ ದಂಡ ಸಂಹಿತೆಯ 195ಎ, ಈಗಿನ ನ್ಯಾಯ ಸಂಹಿತೆಯ 232ನೇ ಕಲಂ, ಏಳು ವರ್ಷಗಳವರೆಗೆ ಸೆರೆವಾಸ. ಕಟಕಟೆಯ ಸುಳ್ಳು ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿ ತನಿಖೆ ಮಾಡಲಾಗದ್ದು, ಜಾಮೀನಿಗೆ ಅರ್ಹ. ಬೆದರಿಕೆ ಸಂಜ್ಞೇಯ, ಜಾಮೀನುರಹಿತ. ಶಾಸಕಾಂಗ ಈ ವ್ಯತ್ಯಾಸವನ್ನು ತಿಳಿದೇ ಮಾಡಿದೆ ಎಂದು ನಾನು ಓದುತ್ತೇನೆ: ಹೇಳಿದವನಿಗಿಂತ ಹೇಳಿಸಿದವನನ್ನು ಬೇಗ ಹಿಡಿಯಿರಿ ಎಂಬುದು ಅದರ ಇಂಗಿತ. ಆದರೂ ಇದಕ್ಕೂ ನ್ಯಾಯಾಲಯದ ದೂರು ಬೇಕೆಂದು ಕೆಲವು ಹೈಕೋರ್ಟುಗಳು ಹೇಳಿದ್ದರಿಂದ ವರ್ಷಗಟ್ಟಲೆ ಗೊಂದಲವಿತ್ತು. ಕೇರಳದಿಂದ ಬಂದ ಮೇಲ್ಮನವಿಯಲ್ಲಿ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪರಿಹರಿಸಿದೆ. ಬೆದರಿಕೆ ಬಂದ ಸಾಕ್ಷಿ ಠಾಣೆಗೆ ಹೋಗಬಹುದು, ಪೊಲೀಸರು ಪ್ರಕರಣ ದಾಖಲಿಸಿ ತನಿಖೆ ನಡೆಸಬಹುದು. ನಮ್ಮ ಅಭಿಯೋಜಕರ ಕೈಗೆ ಬಹುಕಾಲದ ನಂತರ ಬಂದಿರುವ ದೊಡ್ಡ ಅನುಕೂಲ ಇದು ಎಂದು ನಾನು ಭಾವಿಸುತ್ತೇನೆ.

ಈ ತನಿಖೆಯ ವಿಧಾನ ಬೇರೆ ಅಪರಾಧಗಳಿಗಿಂತ ಕಷ್ಟದ್ದೇನಲ್ಲ, ಆದರೆ ಕೂಡಲೇ ಆಗಬೇಕು. ಸಾಕ್ಷಿ ತಿರುಗಿಬಿದ್ದ ವಾರದಲ್ಲಿ ಅವನ ಫೋನಿಗೆ ಯಾರ ಕರೆಗಳು ಬಂದಿದ್ದವು, ಜೈಲಿನಲ್ಲಿದ್ದ ಆರೋಪಿಯನ್ನು ಯಾರು ಭೇಟಿಯಾಗಿದ್ದರೆಂಬ ನೋಂದಣಿ ಪುಸ್ತಕ, ಸಾಕ್ಷಿಯ ಅಥವಾ ಅವನ ಮನೆಯವರ ಬ್ಯಾಂಕ್ ಖಾತೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಚೀಚೆ ನೋಂದಣಿಯಾದ ಪತ್ರಗಳು, ಪಹಣಿಯಲ್ಲಿ ಬದಲಾದ ಹೆಸರು, ತೀರಿದ ಸಾಲ, ನ್ಯಾಯಾಲಯದ ಆವರಣದ ಕ್ಯಾಮೆರಾ ಇವೆಲ್ಲ ಮಾತಾಡುತ್ತವೆ. ಕರೆಗಳ ವಿವರವನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟಿರಬೇಕು, ಕ್ಯಾಮೆರಾದ ಚಿತ್ರ ಮಾತ್ರ ಕೆಲವು ವಾರಗಳಲ್ಲೇ ಅಳಿಸಿಹೋಗಬಹುದು. ವಿದ್ಯುನ್ಮಾನ ದಾಖಲೆಗಳಿಗೆ ಅವು ಎಲ್ಲಿಂದ, ಹೇಗೆ ಬಂದವೆಂದು ದೃಢೀಕರಿಸುವ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ಆಗಲೇ ಪಡೆಯದಿದ್ದರೆ ಮುಂದೆ ಅದೇ ಕೊರತೆಯಾಗುತ್ತದೆ. ಪ್ರಭಾವ ಬೀರುವವರು ಯಾವಾಗಲೂ ಆರೋಪಿಯ ಬಂಧುಗಳೇ ಆಗಿರಬೇಕಿಲ್ಲ ಎಂಬುದನ್ನೂ ನೋವಿನಿಂದಲೇ ಹೇಳಬೇಕಾಗಿದೆ. ದೆಹಲಿಯಲ್ಲಿ 1999ರಲ್ಲಿ ಆರು ಮಂದಿಯನ್ನು ಬಲಿತೆಗೆದುಕೊಂಡ ಬಿಎಂಡಬ್ಲ್ಯು ಕಾರಿನ ಪ್ರಕರಣದಲ್ಲಿ, ಸಾಕ್ಷಿಯನ್ನು ಒಲಿಸಿಕೊಳ್ಳುವ ಯತ್ನ ಟಿವಿ ವಾಹಿನಿಯ ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದು, ಆರೋಪಿಯ ಪರವಾಗಿದ್ದ ಹಿರಿಯ ವಕೀಲರು ನ್ಯಾಯಾಂಗ ನಿಂದನೆಯ ದೋಷಿಯೆಂಬುದನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರಿಕೋಟು ತೊಟ್ಟ ನಾವೆಲ್ಲರೂ ತಲೆತಗ್ಗಿಸಬೇಕಾದ ತೀರ್ಪು ಅದು.

ಸಾಕ್ಷಿಯ ರಕ್ಷಣೆ ಈ ವಿಷಯದಿಂದ ಬೇರೆಯಲ್ಲ. 2018ರ ಡಿಸೆಂಬರ್‌ನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಯನ್ನು ಇಡೀ ದೇಶಕ್ಕೆ ಅನ್ವಯಿಸಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಸಾಕ್ಷಿಯೇ ಅರ್ಜಿ ಕೊಡಬಹುದು. ಪೊಲೀಸ್ ಅಧಿಕಾರಿ ಬೆದರಿಕೆಯ ವಿಶ್ಲೇಷಣಾ ವರದಿ ಸಲ್ಲಿಸಬೇಕು. ವರದಿ ಬಂದ ಐದು ಕೆಲಸದ ದಿನಗಳಲ್ಲಿ ಅರ್ಜಿ ತೀರ್ಮಾನವಾಗಬೇಕು. ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿಯೊಂದು ರಾಜ್ಯವೂ ಇಂಥ ಯೋಜನೆಯನ್ನು ರೂಪಿಸಬೇಕೆನ್ನುತ್ತದೆ. ಆದರೆ ಕಾವಲುಗಾರನೂ ಗುರುತು ಮರೆಮಾಚುವುದೂ ಪಾಲಿಗೆ ಹೊಲ ಮಾಡುತ್ತಿದ್ದ ನನ್ನ ಆ ಸಾಕ್ಷಿಗೆ ಎಷ್ಟು ನೆರವಾಗುತ್ತಿದ್ದವು? ಅವನ ಭಯ ಪ್ರಾಣದ್ದಲ್ಲ, ಅನ್ನದ್ದು. ಜೀತ, ಸಾಲ, ಪಾಲು, ಒಂದೇ ಕೇರಿಯ ನೆರೆಹೊರೆ ಇವುಗಳ ನಡುವೆ ಬದುಕುವ ಸಾಕ್ಷಿಯ ಭಯಕ್ಕೆ ಪೊಲೀಸ್ ಕಾವಲಿಗಿಂತ ಬೇರೆಯ ಆಸರೆ ಬೇಕು, ಅದು ಏನೆಂದು ಯೋಚಿಸುವ ಹೊಣೆ ಸರ್ಕಾರದ್ದು.

ಸಿವಿಲ್ ದಾವೆಗಳ ಬಗ್ಗೆ ಒಂದು ಮಾತು ಸಾಕು. 2020ರ ರಜನೀಶ್ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಆದಾಯದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸುವುದು ಕಡ್ಡಾಯವಾಗಿದೆ, ಅದರಲ್ಲಿ ಸುಳ್ಳು ಹೇಳಿದರೆ 379ನೇ ಕಲಮಿನ ಕ್ರಮಕ್ಕೆ ಗುರಿಯಾಗಬೇಕಾಗುತ್ತದೆ. ನೋಟರಿಯ ಮುಂದೆ ಸಹಿ ಹಾಕುವ ಅಫಿಡವಿಟ್ಟೂ ಪ್ರಮಾಣವೇ ಎಂಬುದನ್ನು ಕಕ್ಷಿದಾರರಿಗೆ ಸಹಿಯ ಮೊದಲು ಓದಿ ಹೇಳುವುದು ವಕೀಲರ ಕರ್ತವ್ಯ.

ಉಪನ್ಯಾಸ ಮುಗಿದಾಗ ಕಿರಿಯ ವಕೀಲೆಯೊಬ್ಬರು ಎದ್ದುನಿಂತು, “ಸರ್, ಸಾಕ್ಷಿ ನಾಳೆ ಬೆಳಿಗ್ಗೆ ತಿರುಗಿಬಿದ್ದರೆ ನಾನು ಮಾಡಬೇಕಾದ ಮೊದಲ ಕೆಲಸ ಏನು?” ಎಂದು ಕೇಳಿದರು. ನನ್ನ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ. ಆ ಕೊನೆಯ ವಾಕ್ಯವನ್ನು ಬರೆಸುವ ಅವಸರ ಬೇಡ. ಅಂದು ನೀವು ಎಲ್ಲಿದ್ದಿರಿ, ಯಾರೊಂದಿಗಿದ್ದಿರಿ, ಇಂದು ನ್ಯಾಯಾಲಯಕ್ಕೆ ಯಾರ ಗಾಡಿಯಲ್ಲಿ ಬಂದಿರಿ, ನಿಮ್ಮ ಹೊಲ ಯಾರದು, ಸಾಲ ಯಾರಲ್ಲಿದೆ ಎಂದು ಒಂದೊಂದಾಗಿ ಕೇಳಿ, ಪ್ರತಿಯೊಂದು ಉತ್ತರವೂ ಅವರದೇ ಮಾತಿನಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಸಾಕ್ಷ್ಯದ ನಕಲು ಪಡೆದು ಅದೇ ವಾರ ತನಿಖಾಧಿಕಾರಿಯ ಕೈಗೆ ಕೊಡಿ. ಬೆದರಿಕೆಯ ಸುಳಿವು ಸಿಕ್ಕರೆ 232ನೇ ಕಲಮಿನ ಅಡಿ ಪ್ರಕರಣ ದಾಖಲಿಸುವಂತೆ ಲಿಖಿತವಾಗಿ ಕೇಳಿ. ತೀರ್ಪಿಗೆ ಮುನ್ನ 379ನೇ ಕಲಮಿನ ಅರ್ಜಿಯನ್ನು, ಸುಳ್ಳನ್ನು ತೋರಿಸುವ ಸ್ವತಂತ್ರ ದಾಖಲೆಯೊಂದಿಗೆ ಸಲ್ಲಿಸಿ. ಅದು ತಿರಸ್ಕೃತವಾದರೆ 380ನೇ ಕಲಮಿನಲ್ಲಿ ಮೇಲ್ಮನವಿಯಿದೆ. ಸಾಕ್ಷಿ ಅಂದು ಸಂತೆಗೆ ಹೋಗಿದ್ದೆ ಎಂದರೆ, ಆ ಊರಿನ ಸಂತೆ ಯಾವ ದಿನ ಕೂಡುತ್ತದೆ ಎಂದು ಅವರು ಕಟಕಟೆಯಿಂದ ಇಳಿಯುವ ಮುನ್ನವೇ ಕೇಳಿ.